ಹನ್ನೆರಡನೇ ಮೊಳೆ

ನನ್ನ ಅಂಗಡಿಗೆ ಬರುವವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಕೇಳುವ ಪ್ರಶ್ನೆಯನ್ನು ಮೊನ್ನೆ ಒಬ್ಬರು ಟೀಚರಮ್ಮ ಕೇಳಿದರು. ಪರೀಕ್ಷೆಯ ಪ್ರಶ್ನೆಪತ್ರಿಕೆಗಳೆಲ್ಲ ಒಳಗೇ ಸಿಕ್ಕಿಕೊಂಡಿವೆ ಎಂದು ಶಾಲೆಯ ಕಂಪ್ಯೂಟರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ನಾನು ಸ್ಕ್ರೂ ಬಿಚ್ಚುವುದಕ್ಕೆ ಮೊದಲು ಗೋಡೆಯ ಸ್ವಿಚ್ಚು ಆರಿಸಿ, ದಾರ ಕಟ್ಟಿದ ಒಂದು ಹಿತ್ತಾಳೆ ಬಿಲ್ಲೆಯನ್ನು ಅದರ ಮೇಲೆ ತೂಗುಹಾಕಿದೆ.

"ಇದೇನ್ ಮೇಡಂ, ದೃಷ್ಟಿಗಾ?" ಎಂದರು.

"ಹೂಂ, ದೃಷ್ಟಿಗೇ" ಎಂದೆ. ಅಂಗಡಿಯಲ್ಲಿ ಕೂತವರಿಗೆ ದಿನಕ್ಕೆ ಇಷ್ಟೇ ಮಾತು ಎಂದು ಒಂದು ಲೆಕ್ಕವಿರುತ್ತದೆ. ಅದರಲ್ಲೂ ನನ್ನಂಥವಳಿಗೆ ಬೆಳಗಿನಿಂದ ಸಂಜೆಯವರೆಗೆ ಮಾತಿಗೆ ಸಿಗುವುದು ಹೆಚ್ಚಾಗಿ ಪ್ರಿಂಟರುಗಳೇ.

ಅವರು ಬಿಡಲಿಲ್ಲ. ಹತ್ತಿರ ಬಂದು ಬಿಲ್ಲೆಯನ್ನು ತಿರುಗಿಸಿ ನೋಡಿ, "ಒಂದು ಅಂತ ಬರೆದಿದೆ! ನಂಬರ್ ಒನ್ ಅಂತ ನಿಮಗೆ ನೀವೇ ಬಿರುದು ಕೊಟ್ಕೊಂಡಿದ್ದಾ?" ಎಂದು ನಕ್ಕರು. ನಾನೂ ನಕ್ಕೆ. ಪ್ರಶ್ನೆಪತ್ರಿಕೆ ಸಿಕ್ಕಿತು, ಅವರು ಹೋದರು. ಅವರಿಗೆ ಹೇಳದೆ ಬಿಟ್ಟದ್ದನ್ನು ನಿಮ್ಮ ಹತ್ತಿರ ಮುಚ್ಚಿಡುವುದೇನು? ಆ ಬಿಲ್ಲೆ ನನ್ನದಲ್ಲ. ನನ್ನ ನಂಬರು ಹನ್ನೆರಡು.

ನಮ್ಮೂರು ಕ್ಯಾಸಂಬಳ್ಳಿಯಿಂದ ಎರಡು ಮೈಲಿ ಒಳಗೆ. ಮನೆಯಲ್ಲಿ ಮೂರು ಸೀಮೆಹಸು, ಒಂದಿಷ್ಟು ರಾಗಿ ಹೊಲ. ಕಂಪ್ಯೂಟರಿಗೂ ನಮಗೂ ಯಾವ ಜನ್ಮದ ನಂಟೂ ಇರಲಿಲ್ಲ. ಆದದ್ದಿಷ್ಟೆ. ಊರಿನ ಹಾಲಿನ ಡೈರಿಯಲ್ಲಿ ಕೊಬ್ಬು ಅಳೆಯುವ ಒಂದು ಪೆಟ್ಟಿಗೆ ಇತ್ತು. ಒಂದು ಬೆಳಿಗ್ಗೆ ಅದು ಎಲ್ಲರ ಹಾಲಿಗೂ ಒಂದೇ ಅಂಕಿ ತೋರಿಸತೊಡಗಿತು. ನೀರು ಬೆರೆಸಿದವರು ಸುಮ್ಮನಿದ್ದರು, ಬೆರೆಸದವರು ಕೂಗಾಡಿದರು. ನಾನು ಕ್ಯಾನು ಹಿಡಿದು ಸಾಲಿನಲ್ಲಿ ನಿಂತು ನಿಂತು ಬೇಸತ್ತು, ಪೆಟ್ಟಿಗೆಯ ಹಿಂಬದಿ ತೆಗೆದು, ಒಳಗಿನ ಹಲಗೆಯಂಥದ್ದನ್ನು ಎಳೆದು, ದಾವಣಿಯ ಸೆರಗಿನಿಂದ ಒರೆಸಿ ಮತ್ತೆ ಸಿಕ್ಕಿಸಿದೆ. ಪೆಟ್ಟಿಗೆ ಸರಿಹೋಯಿತು. ನನ್ನ ಜಾಣತನದಿಂದಲ್ಲ, ಆ ಹೊತ್ತಿಗೆ ಅದಕ್ಕೇ ಸರಿಹೋಗುವ ಮನಸ್ಸು ಬಂದಿರಬೇಕು. ಆದರೆ ಡೈರಿಯ ಸೆಕ್ರೆಟರಿ ಇಡೀ ಊರಿಗೆ ಸಾರಿದ. ತಾಲ್ಲೂಕು ಆಫೀಸಿನಲ್ಲಿ ಹಳ್ಳಿ ಹುಡುಗಿಯರಿಗೆ ಕೆಲಸ ಕಲಿಸುವ ಒಂದು ಸ್ಕೀಮು ಇತ್ತು. ಹೊಲಿಗೆ ಕಲಿಯಬೇಕಾಗಿದ್ದ ನಾನು, ಪಿಯುಸಿ ಮುಗಿಸಿ ಮನೆಯಲ್ಲಿದ್ದವಳು, ಹೀಗೆ ಊರಿಗಾಂನ ಕಂಪ್ಯೂಟರ್ ರಿಪೇರಿ ತರಗತಿಗೆ ಸೇರಿದೆ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು.

ತರಗತಿ ನಡೆಯುತ್ತಿದ್ದದ್ದು ಎತ್ತರದ ಮಾಡಿನ ಒಂದು ಹಳೆಯ ಕಟ್ಟಡದಲ್ಲಿ. ಬೆಂಗಳೂರಿನ ಯಾವುದೋ ಆಫೀಸು ಸಾಕಾಗಿ ಬಿಟ್ಟ ನಾಲ್ಕು ಕಂಪ್ಯೂಟರುಗಳು, ಅವಕ್ಕೆ ಹೂವಿನ ಚಿತ್ರದ ಮುಸುಕು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಬಾಗಿಲ ಪಕ್ಕದಲ್ಲಿ ಒಂದು ಮರದ ಹಲಗೆ, ಅದರಲ್ಲಿ ಹನ್ನೆರಡು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಮೊದಲ ದಿನ ಅದನ್ನು ನೋಡಿ ಇದು ಹಸುಗಳ ಕೊರಳಿಗೆ ಕಟ್ಟುವುದಿರಬೇಕು ಎಂದುಕೊಂಡೆ. ಹನ್ನೆರಡನೆಯದು ನನ್ನ ಪಾಲಿಗೆ ಬಂದಾಗ ಸ್ವಲ್ಪ ಬೇಜಾರೂ ಆಯಿತು.

ಹಲಗೆ ಹಾಕಿದ್ದವರು ದೇವಸಹಾಯಂ ಸಾರ್. ಅಲ್ಲಿನ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ವರ್ಷ ಎಲೆಕ್ಟ್ರಿಕ್ ಕೆಲಸ ಮಾಡಿ, ಬೇಗ ನಿವೃತ್ತಿ ತೆಗೆದುಕೊಂಡು, ಐವತ್ತರ ಮೇಲೆ ಪುಸ್ತಕ ತರಿಸಿಕೊಂಡು ಕಂಪ್ಯೂಟರು ಕಲಿತವರು. ಬಿಳಿ ಅಂಗಿ, ಮಡಿಚಿದ ತೋಳು, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಟೆಸ್ಟರು. ಗಣಿ ಬಿಟ್ಟರೂ ಗಣಿಯ ನಡವಳಿಕೆ ಅವರನ್ನು ಬಿಟ್ಟಿರಲಿಲ್ಲ. ಭೂಮಿಯೊಳಗೆ ಇಳಿಯುವವರು ಹಲಗೆಯಿಂದ ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಮೇಲೆ ಮತ್ತೆ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದರ್ಥ. ಅದೇ ಪದ್ಧತಿಯನ್ನು ಅವರು ಆ ನಾಲ್ಕು ಪೆಟ್ಟಿಗೆಗಳ ಮುಂದೆ ತಂದು ನಿಲ್ಲಿಸಿದ್ದರು.

"ಇಲ್ಲಿ ಪಾರು, ನೋಡು ಮಾ," ಎಂದು ತಮಿಳು ಬೆರೆಸಿ ಮೊದಲ ದಿನ ನನಗೆ ಬಿಡಿಸಿ ಹೇಳಿದರು. "ಒಳಗೆ ಬಂದರೆ ಟೋಕನ್ ತಗೋಬೇಕು. ಮೆಷಿನ್ ಬಿಚ್ಚಿದರೆ ಅದರ ಸ್ವಿಚ್ ಮೇಲೆ ಹಾಕಬೇಕು. ಟೋಕನ್ ಇದ್ದರೆ ಒಳಗೆ ಒಬ್ಬರ ಕೈ ಇದೆ ಅಂತ. ಯಾರೂ ಸ್ವಿಚ್ ಹಾಕಂಗಿಲ್ಲ. ಮನೆಗೆ ಹೋಗುವಾಗ ತಿರುಗಿ ಮೊಳೆಗೆ. ಅವರವರದು ಅವರವರೇ. ಸರಿಯಾ?"

ಒಂದನೇ ನಂಬರು ಅವರದೇ; ನಮ್ಮನ್ನೂ ಹೆಸರಿನಿಂದಲ್ಲ, ನಂಬರಿನಿಂದಲೇ ಕರೆಯುವರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುವರು. ಸಂಜೆ ನಮ್ಮ ಹನ್ನೊಂದೂ ಮೊಳೆಗೆ ಏರಿದಮೇಲೆ ಕೊನೆಗೆ ತಮ್ಮದನ್ನು ಹಾಕಿ ಬಾಗಿಲಿಗೆ ಬೀಗ ಹಾಕುವರು. ನಡುವಿನ ಹತ್ತು ನಂಬರು ಊರಿಗಾಂ ಲೈನುಗಳ, ಎಂದರೆ ಗಣಿ ಕಾರ್ಮಿಕರ ಸಾಲುಮನೆಗಳ, ಹತ್ತು ಹುಡುಗರದು. ಎಲ್ಲರ ಅಪ್ಪಂದಿರೂ ಗಣಿಯವರು, ಎಲ್ಲರದೂ ತಮಿಳು, ಎಲ್ಲರೂ ಒಂದೇ ನಲ್ಲಿಯ ನೀರು ಕುಡಿದು ಬೆಳೆದವರು. ನಾನೊಬ್ಬಳು ಲಂಗ ದಾವಣಿಯವಳು, ಮೈಯಲ್ಲಿ ಹಾಲಿನ ವಾಸನೆ ಹೊತ್ತು ಬಸ್ಸಿನಲ್ಲಿ ಬರುವವಳು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಬಂದರೆ ಬೆಂಚಿನಲ್ಲಿ ಮರ್ಯಾದೆಯಿಂದ ಜಾಗ ಬಿಟ್ಟು ಸರಿಯುತ್ತಿದ್ದರು, ಎಷ್ಟು ಸರಿಯುತ್ತಿದ್ದರೆಂದರೆ ನನ್ನ ಪಕ್ಕ ಇನ್ನೂ ಮೂರು ಜನ ಕೂರಬಹುದಿತ್ತು. ಮಾತಿಲ್ಲ. ಬೆಳಿಗ್ಗೆ ಬಸ್ಸಿನ ಕಂಡಕ್ಟರಿಗೆ "ಊರಿಗಾಂ" ಎಂದದ್ದೇ ಎಷ್ಟೋ ದಿನ ನನ್ನ ಬಾಯಿಂದ ಹೊರಟ ಒಂದೇ ಮಾತಾಗಿರುತ್ತಿತ್ತು.

ಮಧ್ಯಾಹ್ನ ಹುಡುಗರು ಊಟಕ್ಕೆ ಮನೆಗೆ ಹೋಗುವರು, ಸಾರ್ ಕೂಡ. ನಾನು ಕಟ್ಟಡದ ಮೆಟ್ಟಿಲ ಮೇಲೆ ಕೂತು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚುತ್ತಿದ್ದೆ. ಎದುರಿಗೆ ಸೈನೈಡ್ ದಿಬ್ಬ. ಚಿನ್ನ ತೆಗೆದು ಉಳಿದ ಮಣ್ಣನ್ನು ಸುರಿದು ಸುರಿದು ಗುಡ್ಡವಾದದ್ದು. ಕೋಲಾರ ಸೀಮೆಯ ನಿಜವಾದ ಬೆಟ್ಟಗಳನ್ನು ನೋಡಿದ ನನಗೆ ಆ ಬೋಳು ಗುಡ್ಡ ಕಂಡರೆ ಯಾಕೋ ಅಯ್ಯೋ ಅನ್ನಿಸುತ್ತಿತ್ತು. ಗಾಳಿ ಎದ್ದರೆ ಅದರ ಸಣ್ಣ ಬಿಳಿ ಧೂಳು ಊರಿನ ಮೇಲೆಲ್ಲ ಹಾರುವುದು. ರೊಟ್ಟಿಯ ಮೇಲೆ, ಕಂಪ್ಯೂಟರಿನ ಮುಸುಕಿನ ಮೇಲೆ, ಮುಸುಕಿನೊಳಗೂ. ನಾವು ಕಲಿತ ರಿಪೇರಿಯಲ್ಲಿ ಅರ್ಧ ಭಾಗ ಧೂಳು ಹೊಡೆಯುವುದೇ.

ಕಲಿತದ್ದರಲ್ಲಿ ನನಗೆ ಇಷ್ಟವಾದ ಕೆಲಸ ಒಂದಿತ್ತು. ಮೆಮೊರಿಯ ಪಟ್ಟಿಯ ಅಂಚಿನಲ್ಲಿ ಹಳದಿ ಹಲ್ಲುಗಳಿರುತ್ತವೆ. ಅವು ಮಂಕಾದರೆ ಕಂಪ್ಯೂಟರು ಕೂಗುತ್ತದೆ, ಏಳುವುದಿಲ್ಲ. ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಹೊಳೆಯುತ್ತವೆ. "ಇದು ಚಿನ್ನ," ಎಂದಿದ್ದರು ಸಾರ್. "ಎಷ್ಟು ತೆಳು ಅಂದರೆ, ನಿನ್ನ ಉಸಿರಿಗಿಂತ. ನಮ್ಮ ಊರಿಂದಲೇ ಹೋಗಿರಬಹುದು. ಸುತ್ತಿ ಸುತ್ತಿ ಮನೆಗೆ ಬಂದಿದೆ, ಒರೆಸಿ ಕೂರಿಸು." ಅಂಥ ಮಾತನ್ನು ಅವರು ನಗದೆ ಹೇಳುವರು. ಡೈರಿಯ ಪೆಟ್ಟಿಗೆಯಲ್ಲಿ ನನ್ನ ಸೆರಗು ಒರೆಸಿದ್ದು ಏನನ್ನು ಎಂಬುದು ನನಗೆ ಆ ದಿನ ಗೊತ್ತಾಯಿತು.

ಇನ್ನೊಂದು ದಿನದ ಮಾತು. ಪಾಠ ನಡೆಯುತ್ತಿದ್ದಾಗ ನೆಲ ಒಮ್ಮೆ ನಡುಗಿತು. ಆಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಆ ಊರಿನಲ್ಲಿ ಪಾತ್ರೆ ಅಲ್ಲಾಡುವುದು ಹೊಸದಲ್ಲ. ಹುಡುಗರು ತಲೆಯನ್ನೂ ಎತ್ತಲಿಲ್ಲ. ಸಾರ್ ಮಾತ್ರ ಎದ್ದು ನಿಂತು ಹಲಗೆಯ ಕಡೆ ತಿರುಗಿ ಖಾಲಿ ಮೊಳೆಗಳನ್ನು ಎಣಿಸಿದರು. ಆಮೇಲೆ ನಮ್ಮನ್ನು ಎಣಿಸಿದರು. ನಾವು ಹನ್ನೊಂದು ಜನ ಅವರ ಎದುರಿಗೇ ಕೂತಿದ್ದೆವು. ನನಗೆ ಒಳಗೊಳಗೇ ನಗು ಬಂತು.

ಈಗ ಎಣ್ಣೆಯ ವಿಷಯಕ್ಕೆ ಬರುತ್ತೇನೆ. ಮೂರನೇ ಕಂಪ್ಯೂಟರಿನ ಹಿಂದಿನ ಫ್ಯಾನು ಕೀಚ್ ಕೀಚ್ ಎಂದು ಇಡೀ ದಿನ ಕಿರುಚುತ್ತಿತ್ತು. ನಮ್ಮ ಮನೆಯಲ್ಲಿ ಕಿರುಚುವ ಯಾವುದಕ್ಕೂ ಒಂದೇ ಔಷಧ, ಹರಳೆಣ್ಣೆ. ಬಂಡಿಯ ಅಚ್ಚಿಗೆ, ಬಾಗಿಲ ತಿರುಗುಣಿಗೆ, ಹೊಟ್ಟೆ ನೋಯುವ ಮಗುವಿಗೆ, ಎಲ್ಲಕ್ಕೂ ಅದೇ. ನಾನು ಒಂದು ಸಣ್ಣ ಸೀಸೆಯಲ್ಲಿ ತಂದು, ಎಲ್ಲರೂ ಊಟಕ್ಕೆ ಹೋದಾಗ ತೆಂಗಿನ ಕಡ್ಡಿಯಿಂದ ಫ್ಯಾನಿನ ನಡುವಿಗೆ ತೊಟ್ಟು ತೊಟ್ಟಾಗಿ ಬಿಟ್ಟೆ. ಕೈ ಸ್ವಲ್ಪ ಧಾರಾಳವಾಯಿತು. ಮಧ್ಯಾಹ್ನದಿಂದ ಫ್ಯಾನು ಸದ್ದಿಲ್ಲದೆ ತಿರುಗಿತು. ಯಾರೂ ಗಮನಿಸಲಿಲ್ಲ, ಆದರೆ ನನಗೆ ಮೂರು ದಿನ ನೆಲ ಕಾಣಲಿಲ್ಲ. ಯಾರಾದರೂ ಕೇಳಲಿ, ಹೇಳುತ್ತೇನೆ, ಹಾಗಾದರೂ ಒಂದು ಮಾತು ಹುಟ್ಟುತ್ತದೆ ಎಂದು ಕಾದೆ.

ನಾಲ್ಕನೇ ದಿನ ಬೆಳಿಗ್ಗೆ ಆ ಕಂಪ್ಯೂಟರಿನ ಬೆನ್ನಿಂದ ಹೊಗೆ ಬಂತು. ಸಾರ್ ಸ್ವಿಚ್ಚು ಆರಿಸಿ, ನನ್ನ ಕೈಯಲ್ಲೇ ಬಿಲ್ಲೆ ಹಾಕಿಸಿ ಬಿಚ್ಚಿಸಿದರು. ಎಣ್ಣೆಗೆ ದಿಬ್ಬದ ಧೂಳು ಅಂಟಿ ಅಂಟಿ, ಒಳಗೆ ರಾಗಿ ಮುದ್ದೆಯಂತೆ ಗಟ್ಟಿಯಾಗಿ ಫ್ಯಾನು ಹಿಡಿದುಕೊಂಡಿತ್ತು. ಅದು ನಿಂತದ್ದಕ್ಕೆ ಕರೆಂಟು ಕೊಡುವ ಡಬ್ಬಿಯೇ ಬಿಸಿಯಾಗಿ ಸುಟ್ಟಿತ್ತು. ಎಬಿನೇಜರ್ ಎಂಬ ಹುಡುಗ, ಎಲ್ಲರೂ ಎಬಿ ಎನ್ನುತ್ತಿದ್ದರು, ಬಗ್ಗಿ ಮೂಸಿ ನೋಡಿದ.

"ಅಯ್ಯೋ, ಹರಳೆಣ್ಣೆ ಸಾರ್! ಮೆಷಿನ್‌ಗೆ ಎಣ್ಣೆ ಹಚ್ಚಿ ಸ್ನಾನ ಮಾಡ್ಸಿದಾಳೆ!" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುತ್ತಾ ನಗುತ್ತಾ ಅವರಿಗೆ ಹೊಳೆಯಿತು, ಇದ್ದದ್ದು ನಾಲ್ಕು, ಅದರಲ್ಲಿ ಒಂದು ಹೋಯಿತು. ನಗು ನಿಂತಿತು. ಅದು ನಿಂತದ್ದೇ ನನಗೆ ಹೆಚ್ಚು ಕಷ್ಟವಾಯಿತು.

ಸಾರ್ ಬೈಯಲಿಲ್ಲ. ಫ್ಯಾನನ್ನು ಬಿಚ್ಚಿ ಪೇಪರಿನ ಮೇಲೆ ನನ್ನ ಮುಂದಿಟ್ಟು, "ಒರೆಸು" ಎಂದರು, ಅಷ್ಟೆ. ನಾನು ಸ್ವಿಚ್ಚಿನ ಮೇಲಿದ್ದ ಬಿಲ್ಲೆಯನ್ನು ತೆಗೆದು, ಏನೇ ಸಿಕ್ಕರೂ ಸೆರಗಿನ ತುದಿಗೆ ಗಂಟು ಹಾಕುವ ನಮ್ಮ ಕಡೆಯ ಹೆಂಗಸರ ಅಭ್ಯಾಸದಂತೆ ಗಂಟು ಹಾಕಿ, ಊಟದ ಹೊತ್ತಿನವರೆಗೆ ಒರೆಸಿದೆ. ಎಷ್ಟು ಒರೆಸಿದರೂ ಹೋಗಲಿಲ್ಲ. ಎಲ್ಲರೂ ಊಟಕ್ಕೆ ಹೋದಮೇಲೆ ಎದ್ದು ಕೈ ತೊಳೆದೆ, ಚಪ್ಪಲಿ ಮೆಟ್ಟಿಕೊಂಡೆ, ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಇನ್ನು ಬರುವುದಿಲ್ಲ ಎಂದು ದಾರಿಯಲ್ಲೇ ತೀರ್ಮಾನವಾಯಿತು. ಎಣ್ಣೆಯ ಅವಮಾನ ಅಷ್ಟೇನೂ ಅಲ್ಲ. ನಾನು ಎದ್ದು ಹೋದರೆ ಆ ಊರಿನಲ್ಲಿ ಒಂದು ನೊಣಕ್ಕೂ ತಿಳಿಯುವುದಿಲ್ಲ ಎನ್ನುವುದು ತಡೆಯಲಾರದೆ ಹೋಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅತ್ತೆ.

"ಯಾಕಮ್ಮೀ, ಇಷ್ಟ್ ಬಿರ್ನೆ ಬಂದ್ಬುಟ್ಟೆ?" ಎಂದಳು ಅಮ್ಮ, ಹುಲ್ಲಿನ ಹೊರೆ ಇಳಿಸುತ್ತಾ.

"ನಾ ಇನ್ಮೇಲೆ ಓಗಲ್ಲ."

"ಬ್ಯಾಡಾಂದ್ರೆ ಬುಡು. ಆ ಪೆಟ್ಗೆಗಳ ಸಾವಾಸ ಯಾರಿಗ್ ಬೇಕು. ಕೈ ಕಾಲ್ ತೊಳ್ಕೊಂಡು ಕರೂಗೆ ನೀರಿಡೋಗು."

ಅಮ್ಮನಿಗೆ ನನ್ನ ಮೇಲೆ ಪ್ರೀತಿ ಕಡಿಮೆಯೇನಲ್ಲ. ಆದರೆ ಹತ್ತು ಜನರ ನಡುವೆ ಕೂತು ಒಬ್ಬಳೇ ಇರುವುದು ಎಂದರೇನು ಎಂದು ಅವಳಿಗೆ ಹೇಗೆ ಹೇಳುವುದು? ಅವಳು ಒಬ್ಬಳೇ ಹೊಲದಲ್ಲಿದ್ದರೂ ಹಸುವಿನ ಜೊತೆ ಮಾತಾಡುವವಳು. ಸೆರಗಿನ ಗಂಟು ಕೈಗೆ ತಾಗಿದ್ದು ಕರುವಿಗೆ ನೀರಿಡುವಾಗ. ಬಿಲ್ಲೆ. ನಾಳೆ ಕಂಡಕ್ಟರ ಕೈಲಿ ಕಳಿಸಿದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಅಮ್ಮನ ಜೊತೆ ನಿಂತಿದ್ದಾಗ ಮೊದಲ ಬಸ್ಸು ಬಂತು. ಕಂಡಕ್ಟರು ನನ್ನ ಕಡೆ ಕೈ ತೋರಿಸಿದ, ದೇವಸಹಾಯಂ ಸಾರ್ ಇಳಿದರು. ನಿನ್ನೆಯದೇ ಅಂಗಿ, ಮಣ್ಣಾಗಿತ್ತು. ಗಡ್ಡ ಹೆರೆದಿರಲಿಲ್ಲ. ಕ್ಯಾನುಗಳ ಸಾಲನ್ನು ದಾಟಿ ನೇರ ನನ್ನ ಮುಂದೆ ಬಂದು ನಿಂತು ಕಾಲಿನಿಂದ ತಲೆಯವರೆಗೆ ನೋಡಿದರು.

"ಹನ್ನೆರಡು," ಎಂದರು. ಆಮೇಲೆ ಒಂದು ಉಸಿರು ಬಿಟ್ಟು, "ಮೇಲೆ ಬಂದುಬಿಟ್ಟಿದೀಯಾ" ಎಂದು ಡೈರಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

"ಯಾರಮ್ಮೀ ಈ ಯಪ್ಪ?" ಎಂದಳು ಅಮ್ಮ. ನಮ್ಮ ಮೇಷ್ಟ್ರು ಎಂದೆ. ಅಮ್ಮ ಗಾಬರಿಯಿಂದ ಕ್ಯಾನಿನಿಂದಲೇ ಒಂದು ಲೋಟ ನೊರೆಹಾಲು ಬಗ್ಗಿಸಿ ಕೊಟ್ಟಳು. "ಅವ್ಳು ಇನ್ ಬರಲ್ವಂತೆ ಸಾಮಿ. ಏನ್ ತೆಪ್ಪು ಮಾಡವ್ಳೋ, ಒಟ್ಟೆಗಾಕ್ಕೊಳ್ಳಿ."

ಸಾರ್ ಹಾಲು ಕುಡಿದು ಲೋಟ ಕೆಳಗಿಟ್ಟರು. "ಬರಬೇಡ ಮಾ, ಬಲವಂತ ಇಲ್ಲ. ಟೋಕನ್ ಹಾಕಿಬಿಟ್ಟು ಹೋಗು. ನಾನು ಬೀಗ ಹಾಕಬೇಕು. ನಿನ್ನೆಯಿಂದ ಬಾಗಿಲು ತೆರೆದೇ ಇದೆ."

ನಾನು ಗಂಟು ಬಿಚ್ಚಿ ಬಿಲ್ಲೆಯನ್ನು ಮುಂದೆ ಚಾಚಿದೆ. "ನೀವೇ ತಗೊಂಡೋಗಿ ಸಾರ್."

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. "ನನ್ನ ಕೈಲಿ ಕೊಡಬೇಡ," ಎಂದರು. "ಇನ್ನೊಬ್ಬರ ಟೋಕನ್ ನಾನು ಮುಟ್ಟಲ್ಲ."

ಹೀಗೆ, ಬರಿಯ ಬಿಲ್ಲೆ ತೂಗುಹಾಕುವುದಕ್ಕೆಂದು, ತಲೆಯನ್ನೂ ಬಾಚದೆ, ನಾನು ಅದೇ ಬಸ್ಸು ಹತ್ತಿದೆ. ಬಸ್ಸು ಕ್ಯಾಸಂಬಳ್ಳಿ ದಾಟಿದಮೇಲೆ ಅವರು ಎದುರಿನ ಸೀಟಿನ ಬೆನ್ನನ್ನು ನೋಡುತ್ತಾ ಹೇಳಿದರು. ಚಿಕ್ಕ ವಯಸ್ಸಿನಲ್ಲಿ ಗಣಿಯಲ್ಲಿ ಅವರಿಗೊಬ್ಬ ಗೆಳೆಯನಿದ್ದ. ಮೇಲೆ ಬರುವ ಹೊತ್ತಿಗೆ ತನ್ನ ಬಿಲ್ಲೆಯನ್ನು ಇವರ ಕೈಗೆ ಕೊಟ್ಟು, ಹಾಕಿರು, ಹಿಂದಿನಿಂದಲೇ ಬರುತ್ತೇನೆ ಎಂದ. ಇವರು ಹಾಕಿದರು, ಮನೆಗೆ ಹೋಗಿ ಉಂಡು ಮಲಗಿದರು. ಒಳಗೆ ಅವನ ಕಾಲು ಕಲ್ಲಿಗೆ ಸಿಕ್ಕಿತ್ತು. ಹಲಗೆ ತುಂಬಿದ್ದರಿಂದ ಯಾರೂ ಹುಡುಕಲಿಲ್ಲ. ಮುಂದಿನ ಶಿಫ್ಟಿನವರು ಇಳಿಯುವವರೆಗೂ ಅವನು ಕತ್ತಲಲ್ಲಿ ಕೂಗುತ್ತಲೇ ಇದ್ದ.

"ಸತ್ತೋದ್ರಾ ಸಾರ್?" ಎಂದೆ.

"ಇಲ್ಲ. ಬದುಕಿದ. ಕಾಲೂ ಸರಿಹೋಯಿತು. ಆದರೆ ನನ್ನ ಹತ್ತಿರ ಆಮೇಲೆ ಮಾತಾಡಲಿಲ್ಲ. 'ಬರ್ತಾರೆ ಬರ್ತಾರೆ ಅಂತ ಕಾದೆ, ದೇವ' ಅಂದ. ಅದೊಂದೇ ಮಾತು." ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಕಟ್ಟಡದ ಮೆಟ್ಟಿಲ ಮೇಲೆ, ನಾನು ರೊಟ್ಟಿ ತಿನ್ನುವ ಜಾಗದಲ್ಲಿ, ಹತ್ತೂ ಹುಡುಗರು ತೂಕಡಿಸುತ್ತಾ ಕೂತಿದ್ದರು. ಎಬಿಯ ಕಾಲು ಮೊಣಕಾಲಿನವರೆಗೆ ದಿಬ್ಬದ ಧೂಳಿನಿಂದ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತ.

"ಹೇಳ್ಬಿಟ್ಟು ಹೋಗಕ್ಕೇನು ನಿಂಗೆ?" ಎಂದು ಸಿಟ್ಟಿನಲ್ಲಿ ಕೇಳಿದ. ಗಂಟಲು ಒಡೆದಿತ್ತು. "ಸ್ಟೇಷನ್, ಬಸ್‌ಸ್ಟ್ಯಾಂಡ್, ದಿಬ್ಬ, ಎಲ್ಲಾ ತಿರುಗಿ ಬಂದ್ವಿ. ಹನ್ನೆರಡೂ, ಹನ್ನೆರಡೂ ಅಂತ ಕೂಗ್ಕೊಂಡು. ನೋಡೋರು ಹುಚ್ಚರು ಅಂದ್ಕೊಂಡ್ರು."

"ಹನ್ನೆರಡು ಅಂತ ಯಾಕೆ?"

"ಮತ್ತೇನಂತ ಕೂಗೋದು? ನಿನ್ ಹೆಸರೇ ನಮಗೆ ಗೊತ್ತಿಲ್ಲ!"

"ಮುನಿಲಕ್ಷ್ಮಿ," ಎಂದೆ. ಸೇರಿ ನಾಲ್ಕು ತಿಂಗಳಾಗಿತ್ತು.

ಒಳಗೆ ಹೋಗಿ ಹನ್ನೆರಡನೇ ಮೊಳೆಗೆ ಬಿಲ್ಲೆ ಹಾಕಿದೆ. ಸಾರ್ ಜೇಬಿನಿಂದ ತಮ್ಮದನ್ನು ತೆಗೆದು ಒಂದನೇ ಮೊಳೆಗೆ ಹಾಕಿ, ಬೀಗ ಕೈಗೆತ್ತಿಕೊಂಡು, ನಾನು ಹೊರಗೆ ಬರಲೆಂದು ಬಾಗಿಲಲ್ಲಿ ನಿಂತರು. ನಾನು ಮೇಜಿನ ಮೇಲಿನ ಪೇಪರನ್ನು ನೋಡಿದೆ. ಅದರ ಮೇಲೆ ನಾನು ಬಿಟ್ಟು ಹೋದಂತೆಯೇ ಆ ಫ್ಯಾನು ಇತ್ತು.

"ಸಾರ್, ಫ್ಯಾನ್ ಇನ್ನೂ ಒರೆಸೋದಿದೆ," ಎಂದೆ.

ಅವರು ಬೀಗವನ್ನು ಕೆಳಗಿಟ್ಟು ಮೊದಲು ತಮ್ಮ ಬಿಲ್ಲೆಯನ್ನು ಮೊಳೆಯಿಂದ ತೆಗೆದುಕೊಂಡರು. ಆಮೇಲೆ ನಾನು ನನ್ನದನ್ನು ತೆಗೆದುಕೊಂಡೆ. ಹಿಂದಿನ ರಾತ್ರಿ ಮಲಗಿರದ ಹುಡುಗರು ಗೊಣಗುತ್ತಾ ಒಬ್ಬೊಬ್ಬರಾಗಿ ಒಳಗೆ ಬಂದರು.

ಆಮೇಲೆ ನಾವೆಲ್ಲ ಒಂದೇ ಮನೆಯ ಮಕ್ಕಳಂತಾದೆವು ಎಂದು ಬರೆಯಲು ನನಗೂ ಆಸೆಯೇ. ಹಾಗೇನೂ ಆಗಲಿಲ್ಲ. ಹುಡುಗರು ನನ್ನನ್ನು ಎಣ್ಣೆಕ್ಕ ಎಂದು ಕರೆಯತೊಡಗಿದರು, ಬೆಂಚಿನಲ್ಲಿ ಒಬ್ಬರ ಜಾಗದಷ್ಟು ಮಾತ್ರ ಸರಿಯತೊಡಗಿದರು, ಅಷ್ಟೆ. ರೊಟ್ಟಿಯನ್ನು ಮೊದಲಿನಂತೆ ಒಬ್ಬಳೇ ತಿಂದೆ. ಆದರೆ ತಿನ್ನುವಾಗ ಸೆರಗಿನ ತುದಿಯ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಳಗೆ ಒಂದು ಮೊಳೆ ಖಾಲಿ ಇದೆ, ಅದು ಖಾಲಿ ಇರುವವರೆಗೆ ಒಬ್ಬ ಮನುಷ್ಯ ಬಾಗಿಲು ಹಾಕುವುದಿಲ್ಲ. ಅದು ಎಷ್ಟು ದೊಡ್ಡ ಸಮಾಧಾನ ಎಂದು ಜನರ ನಡುವೆ ಬಾಳುವವರಿಗೆ ತಿಳಿಯುವುದು ಕಷ್ಟ.

ವರ್ಷ ಮುಗಿದು ತರಗತಿಯ ಕೊನೆಯ ದಿನ ಬಂತು. ಹುಡುಗರು ತಮ್ಮ ತಮ್ಮ ಬಿಲ್ಲೆಯನ್ನು ಮೊಳೆಗೆ ಹಾಕಿ, ಸಾರ್ ಕಾಲಿಗೆ ಬಿದ್ದು ಹೋದರು. ನಾನು ಮಾತ್ರ ಕಾಲಿಗೆ ಬಿದ್ದೆ, ಬಿಲ್ಲೆ ಹಾಕಲಿಲ್ಲ. ಈ ಸಲ ಮರೆತದ್ದಲ್ಲ. ಸೆರಗಿನಲ್ಲಿ ಬಿಗಿಯಾಗಿ ಗಂಟು ಹಾಕಿಕೊಂಡೇ ಹೊರಗೆ ಬಂದೆ. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಹಿಂದೆ ನೋಡಿದರೆ ಸಾರ್ ಬಾಗಿಲಲ್ಲಿ ನಿಂತಿದ್ದರು. ನೋಡಿದ್ದರು, ಆದರೆ ಕೂಗಲಿಲ್ಲ.

ಬಂಗಾರಪೇಟೆಯ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಅಂಗಡಿ ಹಿಡಿದೆ. ಫೋನ್ ಬೂತುಗಳ ಬಿಲ್ ಮೆಷಿನ್ನು, ಅಕ್ಕಿ ಗಿರಣಿಯ ಕಂಪ್ಯೂಟರು, ಲಗ್ನಪತ್ರಿಕೆ ಅಚ್ಚು ಹಾಕುವವರ ಪ್ರಿಂಟರು. ಮಷೀನು ಬಿಚ್ಚುವ ಹುಡುಗಿಯನ್ನು ನೋಡಲು ಎರಡು ಮೂರು ಗಂಡಿನ ಕಡೆಯವರು ಬಂದರು. ಒಬ್ಬರಂತೂ ನೋಡಿಹೋಗುವಾಗ ತಮ್ಮ ಕೆಟ್ಟ ರೇಡಿಯೊ ಕೊಟ್ಟು ಹೋದರು. ರೇಡಿಯೊ ಸರಿಹೋಯಿತು, ಸಂಬಂಧ ಕೂಡಲಿಲ್ಲ. ಅಂಗಡಿಯ ಹಿಂದಿನ ಕೋಣೆಯೇ ಮನೆಯಾಯಿತು. ರೈಲುಗಳು ಹೋಗುತ್ತಿದ್ದವು, ಬರುತ್ತಿದ್ದವು. ನನ್ನ ಹನ್ನೆರಡು ಸ್ವಿಚ್ಚಿನ ಮೇಲೆ ತೂಗುತ್ತಿತ್ತು.

ಮೊದಲ ತಿಂಗಳೇ ಒಂದು ಪೋಸ್ಟ್‌ಕಾರ್ಡು ಬಂತು. ಸಾರ್‌ಗೆ ಕನ್ನಡ ಮಾತು ಬರುತ್ತಿತ್ತು, ಬರವಣಿಗೆ ಬರುತ್ತಿರಲಿಲ್ಲ. ಕಾರ್ಡಿನ ನಡುವೆ ದೊಡ್ಡದಾಗಿ ಅಂಕಿಯಲ್ಲಿ ಹನ್ನೆರಡು, ಅದರ ಮುಂದೆ ಒಂದು ಪ್ರಶ್ನೆಯ ಗುರುತು. ಮತ್ತೇನೂ ಇಲ್ಲ. "ಬತ್ತೀನಿ ಸಾರ್" ಎಂದು ಬರೆದು ಹಾಕಿದೆ, ಯಾರಾದರೂ ಓದಿ ಹೇಳುತ್ತಾರೆ ಎಂದು. ಮುಂದಿನ ತಿಂಗಳು ಮತ್ತೆ ಅದೇ ಕಾರ್ಡು, ನನ್ನಿಂದ ಅದೇ ಉತ್ತರ. ಆರು ವರ್ಷ ಹೀಗೇ ನಡೆಯಿತು. ನಮ್ಮದೇ ಅವರ ಮೊದಲ ತಂಡ, ನಮ್ಮದೇ ಕೊನೆಯದು. ಕಟ್ಟಡ ಬಿಟ್ಟುಕೊಟ್ಟು ಹಲಗೆಯನ್ನು ಮನೆಗೆ ಕೊಂಡುಹೋದರು ಎಂದು ಒಮ್ಮೆ ರೈಲಿನಲ್ಲಿ ಸಿಕ್ಕ ಎಬಿ ಹೇಳಿದ. ಬಂಗಾರಪೇಟೆಯಿಂದ ಊರಿಗಾಂಗೆ ರೈಲಿನಲ್ಲಿ ಅರ್ಧ ಗಂಟೆ. ನನ್ನ ಅಂಗಡಿಯಿಂದ ಆ ರೈಲು ಕಾಣುತ್ತದೆ. ನಾನು ಹೋಗಲಿಲ್ಲ. ಕೆಲಸವಿತ್ತು ಎಂದು ಹೇಳಬಹುದು, ಆದರೆ ನಿಜ ಅದಲ್ಲ. ಹೋದರೆ ಬಿಲ್ಲೆ ಹಾಕಬೇಕು. ಹಾಕಿದರೆ ಕಾರ್ಡು ನಿಲ್ಲುತ್ತದೆ. ಕಾರ್ಡು ನಿಂತರೆ ನಾನು ಬಂದೆನೋ ಇಲ್ಲವೋ ಎಂದು ಕೇಳುವವರು ಈ ಲೋಕದಲ್ಲಿ ಒಬ್ಬರೂ ಇರುವುದಿಲ್ಲ.

ಒಂದು ತಿಂಗಳು ಕಾರ್ಡು ಬರಲಿಲ್ಲ. ಅಂಚೆಯವರನ್ನು ಬೈದುಕೊಂಡೆ. ಎರಡನೆಯ ತಿಂಗಳೂ ಬರದಿದ್ದಾಗ ಅಂಗಡಿ ಮುಚ್ಚಿ ರೈಲು ಹತ್ತಿದೆ.

ಬಾಗಿಲು ತೆಗೆದವರು ಸಾರ್ ಹೆಂಡತಿ. ನನ್ನ ಮುಖ ನೋಡಿದರು, ಕೈಯಲ್ಲಿದ್ದ ಬಿಲ್ಲೆ ನೋಡಿದರು. "ಹನ್ನೆರಡಾ ಮಾ?" ಎಂದರು. ಹೌದು ಎಂದೆ. "ಐವತ್ತು ದಿವಸ ಆಯಿತು," ಎಂದು ಒಳಗೆ ಕರೆದರು. ಗೋಡೆಯಲ್ಲಿ ಸಾರ್ ಫೋಟೋ, ಅದರ ಪಕ್ಕ ಆ ಹಲಗೆ. ಹತ್ತು ಬಿಲ್ಲೆ ತೂಗುತ್ತಿದ್ದವು. ಹನ್ನೆರಡನೆಯ ಮೊಳೆ ಖಾಲಿ. ಒಂದನೆಯದೂ ಖಾಲಿ.

"ದಿನಾ ಸಾಯಂಕಾಲ ಬೋರ್ಡ್ ಮುಂದೆ ಕುರ್ಚಿ ಹಾಕಿ ಕೂರೋರು," ಎಂದರು ಅವರು. "ತೆಗೆದುಬಿಡಿ ಅಂದರೆ, ಒಬ್ಬಳು ಇನ್ನೂ ಮೇಲೆ ಬಂದಿಲ್ಲ ಅನ್ನೋರು. ಬಂಗಾರಪೇಟೆ ತಾನೇ, ಹೋಗಿ ನೋಡಿ ಬನ್ನಿ ಅಂದೆ. ಇಲ್ಲ, ಅವಳೇ ಬರ್ತಾಳೆ, ಹತ್ತಿರಾನೇ ಇದಾಳೆ ಅಂದರು."

ನನಗೆ ಆಗ ತಿಳಿಯಿತು ನೋಡಿ, ನಾನು ಮಾಡಿದ್ದೇನೆಂದು. ನನಗಾಗಿ ಯಾರೋ ಕಾಯುತ್ತಿದ್ದಾರೆ ಎಂಬ ಸುಖಕ್ಕೆ ಒಬ್ಬ ಮುದುಕರನ್ನು ಆರು ವರ್ಷ ಮನೆಗೆ ಹೋಗಗೊಡದೆ ಶಿಫ್ಟಿನ ಮೇಲೆ ನಿಲ್ಲಿಸಿದ್ದೆ. ಅವರ ಗೆಳೆಯ ಕಾದದ್ದು ಒಂದು ಶಿಫ್ಟು. ಅಳು ಬಂತು, ಅಳುತ್ತಲೇ ಹೋಗಿ ನನ್ನ ಬಿಲ್ಲೆಯನ್ನು ಮೊಳೆಗೆ ಹಾಕಿದೆ. ಅದು ಅಲ್ಲಾಡುವುದು ನಿಲ್ಲುವವರೆಗೆ ಇಬ್ಬರೂ ನೋಡುತ್ತಾ ನಿಂತೆವು.

ಆಮೇಲೆ ಅವರು ಒಳಗಿನಿಂದ ಒಂದನೇ ನಂಬರಿನ ಬಿಲ್ಲೆ ತಂದರು. "ಕೊನೆಯ ದಿವಸದ ಅಂಗಿ ಜೇಬಲ್ಲೇ ಇತ್ತು. ಚರ್ಚಿಗೆ ಹೋದರೂ ಜೇಬಲ್ಲೇ. ನೀನು ಬಂದೆಯಲ್ಲ, ಇದನ್ನೂ ಹಾಕಿಬಿಡು ಮಾ. ಮುಗೀಲಿ."

ಅವರು ಬಿಲ್ಲೆಯನ್ನು ನನ್ನ ಮುಂದೆ ಹಿಡಿದಿದ್ದರು. ನನ್ನ ಕೈಗಳು ನನಗೇ ತಿಳಿಯದಂತೆ ಬೆನ್ನ ಹಿಂದೆ ಹೋಗಿದ್ದವು.

"ಆಗಲ್ಲಮ್ಮ," ಎಂದೆ. "ಇನ್ನೊಬ್ಬರದು ನಾವು ಹಾಕಂಗಿಲ್ಲ."

"ಹಾಗಾದರೆ ಇಟ್ಟುಕೊಂಡಿರು," ಎಂದು ನನ್ನ ಸೆರಗಿನ ತುದಿ ಎಳೆದು ತಾವೇ ಗಂಟು ಹಾಕಿದರು.

ಟೀಚರಮ್ಮ ತಿರುಗಿಸಿ ನೋಡಿದ್ದು ಅದನ್ನೇ. ಈಗಲೂ ಸಂಜೆ ಕೆಲಸ ಮುಗಿದಮೇಲೆ ಸ್ವಿಚ್ಚಿನಿಂದ ಅದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂರುತ್ತೇನೆ. ಎದುರಿಗೆ ಊರಿಗಾಂ ಕಡೆಯ ರೈಲು ಬರುತ್ತದೆ, ಜನ ಇಳಿಯುತ್ತಾರೆ, ಹೋಗುತ್ತಾರೆ. ಪಕ್ಕದ ಅಂಗಡಿಯವರು ಶಟರ್ ಎಳೆಯುತ್ತಾ, "ಇನ್ನೂ ಯಾಕ್ರೀ ಕೂತಿದೀರಾ, ಮುಚ್ಚಲ್ವಾ?" ಎಂದು ಕೇಳುತ್ತಾರೆ.

"ಮುಚ್ಚುತ್ತೇನೆ," ಎನ್ನುತ್ತೇನೆ. "ಒಬ್ಬರು ಇನ್ನೂ ಮೇಲೆ ಬಂದಿಲ್ಲ."